ಸ್ಪಷ್ಟನೆ: ಆ ಚಿತ್ರ ಮಾರಿಕಣಿವೆಯದ್ದಲ್ಲ

'ಮಾರಿಕಣಿವೆ ಹಿನ್ನೀರಿಗೆ ಟ್ಯಾಂಕ್ ಇಳಿದಿದೆ, ಆ ಕಡೆ ಹೋಗಬೇಡಿ' ಎಂಬ ಮೆಸೇಜ್ ಹಿರಿಯೂರು, ಚಿತ್ರದುರ್ಗದ ವಾಟ್ಸಾಪ್ ಗ್ರೂಪುಗಳಲ್ಲಿ ಓಡಾಡುತ್ತಿದೆ. ಇದು ಸುಳ್ಳು. ಜೊತೆಗಿರುವ ಚಿತ್ರದಲ್ಲಿರೋದು ಟ್ಯಾಂಕೇ ಅಲ್ಲ, ಸೈನಿಕರನ್ನು ಸಾಗಿಸುವ ಎಂಟು ಚಕ್ರದ ಕವಚದ ಗಾಡಿ. ಮೇಲಿನ ಬಾವುಟವೂ ಯಾವ ದೇಶದ್ದೂ ಅಲ್ಲ. ಕಲ್ಪನೆಯ ದೇಶವೊಂದಕ್ಕಾಗಿ ಕಂಪ್ಯೂಟರಿನಲ್ಲಿ ಮಾಡಿದ ಚಿತ್ರ ಅದು.

ಸ್ವಲ್ಪ ದೊಡ್ಡದು ಮಾಡಿ ನೋಡಿ. ಚಕ್ರಗಳು ಅರ್ಧಕ್ಕರ್ಧ ನೀರಿನ ಮೇಲಿವೆ. ನಿಜವಾದ ಗಾಡಿ ಹೀಗೆ ತೇಲೋದಿಲ್ಲ. ಇಂಥದ್ದೇ ಎಂಟು ಚಕ್ರದ ಗಾಡಿಯಾದ ರಷ್ಯಾದ ಬಿಟಿಆರ್-80 ತಗೊಳ್ಳಿ, ತೂಕ ಸುಮಾರು 13.6 ಟನ್. ತೇಲಬೇಕಾದರೆ ಅಷ್ಟೇ ತೂಕದ ನೀರನ್ನು, ಅಂದರೆ 13,600 ಲೀಟರ್, ಪಕ್ಕಕ್ಕೆ ತಳ್ಳಬೇಕು. ಹಾಗಾಗಿ ಚಕ್ರದ ಜೊತೆ ಬಾಡಿಯ ದೊಡ್ಡ ಭಾಗವೂ ಮುಳುಗಿರುತ್ತದೆ. ನೀರಿಗಿಳಿಯುವ ಮುಂಚೆ ಅಲೆ ತಡೆಯುವ ಹಲಗೆಯನ್ನು ಮುಂದೆ ಎತ್ತುತ್ತಾರೆ. ಹಿಂದಿನಿಂದ ವಾಟರ್ ಜೆಟ್ ನೀರು ಚಿಮ್ಮಿ ಗಾಡಿಯನ್ನು ತಳ್ಳುತ್ತದೆ. ಈ ಚಿತ್ರದಲ್ಲಿ ಹಲಗೆ ಮಡಚಿಕೊಂಡೇ ಇದೆ, ಹಿಂದೆ ಚೂರು ನೊರೆಯೂ ಇಲ್ಲ!

ಚಳ್ಳಕೆರೆ ಹತ್ತಿರ ಡಿಆರ್‌ಡಿಒ (ಕೇಂದ್ರ ಸರ್ಕಾರದ ರಕ್ಷಣಾ ಸಂಶೋಧನಾ ಸಂಸ್ಥೆ) ಪರೀಕ್ಷಾ ಕೇಂದ್ರ ಇರೋದು ನಿಜ. ಆದರೆ 2017ರಲ್ಲಿ ಉದ್ಘಾಟನೆಯಾದ ಆ ಜಾಗ ಇರೋದು ಪೈಲಟ್ ಇಲ್ಲದ ವಿಮಾನಗಳಂಥವುಗಳ ಪರೀಕ್ಷೆಗೆ.

ಈ ಮೆಸೇಜ್ ನಂಬಿ ಹಿನ್ನೀರಿನ ಮೀನುಗಾರರು ಸುಮ್ನೆ ತೆಪ್ಪ ಕಟ್ಟಿಟ್ಟು ಕೂತರೆ ಅವರ ಆ ದಿನದ ದುಡಿಮೆಯೇ ಹೋಗುತ್ತದೆ, ಅಲ್ವಾ? ದಯವಿಟ್ಟು ಫಾರ್ವರ್ಡ್ ಮಾಡಬೇಡಿ. ಮಾಡಿದ್ದರೆ ಡಿಲೀಟ್ ಮಾಡಿ, ಅದೇ ಗ್ರೂಪಿನಲ್ಲಿ ಇದನ್ನು ಹಾಕಿ.