ಇಷ್ಟು ಬೆಕ್ಕಿಗೆ ರೊಕ್ಕ ಎಷ್ಟು ಕೊಟ್ಟರಂತೆ?

ಮೇ ತಿಂಗಳ ಬಳ್ಳಾರಿ. ರಾತ್ರಿ ಹತ್ತು ಗಂಟೆಗೂ ಗೋಡೆ ಮುಟ್ಟಿದರೆ ರೊಟ್ಟಿ ಹಂಚು ಮುಟ್ಟಿದ ಹಾಗೆ. ನಿದ್ದೆ ಬರಲಿಲ್ಲ. ಮಾಳಿಗೆ ಮೇಲೆ ಚಾಪೆ ಹಾಸಿ, ಲ್ಯಾಪ್‌ಟಾಪ್ ಇಟ್ಟುಕೊಂಡು 'ದಿ ಎಲೆಕ್ಟ್ರಿಕಲ್ ಲೈಫ್ ಆಫ್ ಲೂಯಿಸ್ ವೇನ್' ಹಚ್ಚಿದೆ. ಬೆಕ್ಕಿನ ಚಿತ್ರಕ್ಕೇ ಹೆಸರಾದ ಇಂಗ್ಲೆಂಡಿನ ಕಲಾವಿದನೊಬ್ಬನ ಬಗ್ಗೆ 2021ರ ಸಿನಿಮಾ. ನಾನು ಯಾವಾಗಲೂ ಹಾಗೇ, ಊರೆಲ್ಲ ನೋಡಿ ಮರೆತ ಮೇಲೆ ನೋಡುವವನು. ಅರ್ಧ ಗಂಟೆ ಆಗಿರಬೇಕು, ಓಣಿಗೆ ಓಣಿಯೇ ಕರೆಂಟ್ ಹೋಯಿತು. ಹೆಸರಲ್ಲೇ ಎಲೆಕ್ಟ್ರಿಕಲ್ ಇರುವ ಸಿನಿಮಾ! ಬ್ಯಾಟರಿ ಇತ್ತು, ಸಿನಿಮಾ ನಡೆಯಿತು. ಕೆಳಗೆ ಫ್ಯಾನ್ ನಿಂತದ್ದೇ ದೊಡ್ಡಮ್ಮ ಬೀಸಣಿಗೆ ಹಿಡಿದು, ಮೆಟ್ಟಿಲಿಗೊಮ್ಮೆ ಶಿವಶಿವಾ ಅನ್ನುತ್ತಾ ಮೇಲೆ ಬಂದು ಪಕ್ಕದಲ್ಲಿ ಕೂತಳು.

ಪರದೆ ತುಂಬಾ ಬೆಕ್ಕು. ಕೋಟು ಹಾಕಿದ ಬೆಕ್ಕು, ಚಹಾ ಕುಡಿಯೋ ಬೆಕ್ಕು. ದೊಡ್ಡಮ್ಮನಿಗೆ ಇಂಗ್ಲಿಷ್ ಬರಲ್ಲ, ಬೆಕ್ಕು ನೋಡಿ ನಕ್ಕಳು. ಆಮೇಲೆ ಕೇಳಿದಳು:

"ಇಷ್ಟೆಲ್ಲಾ ಬೆಕ್ಕು ಬರದಾನಲ್ಲ, ರೊಕ್ಕ ಎಷ್ಟು ಕೊಟ್ರಂತ?"

"ಕೊಟ್ರು ದೊಡ್ಡಮ್ಮ. ಒಂದು ಸಲ."

"ಆಮ್ಯಾಲೆ ಮತ್ತ ಮತ್ತ ಅಚ್ಚು ಹಾಕಿದ್ದಕ್ಕ?"

"ಅದಕ್ಕ ಏನಿಲ್ಲ."

"ಹಂಗಾದ್ರ ತಲಿ ಕೆಡದ ಇನ್ನೇನಾಗ್ತೈತಿ."

ಇಷ್ಟು ಹೇಳಿ ಅಲ್ಲೇ ಚಾಪೆ ಮೇಲೆ ಅಡ್ಡಾಗಿ ಹತ್ತು ನಿಮಿಷದಲ್ಲಿ ಗೊರಕೆ. ನಾನು ಮಾತ್ರ ಉಳಿದ ಸಿನಿಮಾವನ್ನು ಆ ಪ್ರಶ್ನೆ ಹಿಡಿದುಕೊಂಡೇ ನೋಡಿದೆ. ಈ ಬರಹ ಅದರ ಬಗ್ಗೆ.

ಗೊತ್ತಿಲ್ಲದವರಿಗೆ ಸ್ವಲ್ಪ ಕತೆ. ಲೂಯಿಸ್ ವೇನ್ ಹುಟ್ಟಿದ್ದು 1860ರಲ್ಲಿ, ಲಂಡನ್‌ನಲ್ಲಿ. ಇಪ್ಪತ್ತು ವರ್ಷಕ್ಕೆ ಅಪ್ಪ ಹೋದರು. ಅಮ್ಮ, ಐದು ಜನ ತಂಗಿಯರು, ಯಾರಿಗೂ ಮದುವೆ ಆಗಲಿಲ್ಲ. ಮನೆ ಪೂರ್ತಿ ಇವನ ಪೆನ್ಸಿಲ್ ಮೇಲೆ. ಪತ್ರಿಕೆಗಳಿಗೆ ಚಿತ್ರ ಬರೆಯುತ್ತಿದ್ದ. ತಂಗಿಯರಿಗೆ ಪಾಠ ಹೇಳಲು ಬಂದ ಎಮಿಲಿಯನ್ನು 1884ರಲ್ಲಿ ಮದುವೆಯಾದ. ಆಕೆ ಇವನಿಗಿಂತ ಹತ್ತು ವರ್ಷ ದೊಡ್ಡವಳು, ಮೇಲಾಗಿ ಮನೆ ಕೆಲಸಕ್ಕೆ ಬಂದವಳು. ಆ ಕಾಲದ ಇಂಗ್ಲೆಂಡ್ ಹೇಗೆ ಮೂಗು ಮುರಿದಿರಬೇಕು ಅಂತ ನಮಗೆ ಬಿಡಿಸಿ ಹೇಳೋದು ಬೇಡ, ಅಲ್ವಾ? ಸ್ವಲ್ಪ ದಿನಕ್ಕೇ ಎಮಿಲಿಗೆ ಸ್ತನ ಕ್ಯಾನ್ಸರ್. ಅವಳನ್ನು ನಗಿಸಲಿಕ್ಕೆ ಮನೆಯ ಕಪ್ಪು ಬಿಳಿ ಬೆಕ್ಕು ಪೀಟರ್‌ನ ಚಿತ್ರ ಬರೆಯತೊಡಗಿದ. ಪ್ರಕಟಿಸು ಅಂತ ಹಿಂದೆ ಬಿದ್ದವಳೂ ಅವಳೇ. 1886ರ ಕ್ರಿಸ್ಮಸ್‌ಗೆ 'ಇಲಸ್ಟ್ರೇಟೆಡ್ ಲಂಡನ್ ನ್ಯೂಸ್' ಪತ್ರಿಕೆಯಲ್ಲಿ ಬೆಕ್ಕಿನ ಮರಿಗಳ ದೊಡ್ಡ ಔತಣದ ಚಿತ್ರ ಬಂತು. ಸುಮಾರು 150 ಬೆಕ್ಕುಗಳು, ಬರೆಯಲು ಹಿಡಿದದ್ದು 11 ದಿನ. ರಾತ್ರೋರಾತ್ರಿ ಹೆಸರು. ಹೊಸ ವರ್ಷ ಕಾಲಿಟ್ಟದ್ದೇ ಎಮಿಲಿ ತೀರಿಕೊಂಡಳು. ಅವನಿಗಾಗ 26 ವರ್ಷ.

ಸಿನಿಮಾದಲ್ಲಿ ಇಷ್ಟು ಭಾಗ ತುಂಬಾ ಚೆನ್ನಾಗಿದೆ. ವಿಲ್ ಶಾರ್ಪ್ ನಿರ್ದೇಶನ. ವೇನ್ ಪಾತ್ರಕ್ಕೆ ಬೆನೆಡಿಕ್ಟ್ ಕಂಬರ್‌ಬ್ಯಾಚ್, ಎಮಿಲಿಯಾಗಿ ಕ್ಲೇರ್ ಫೊಯ್. ಪರದೆ ಹಳೇ ಟಿವಿ ಥರ ಚೌಕಾಕಾರ, ಎರಡೂ ಕಡೆ ಕಪ್ಪು. ಅದರೊಳಗೆ ಕೋಣೆ, ದೀಪ, ಕುಪ್ಪಸದ ಬಟ್ಟೆ ಎಲ್ಲಾ ಬಣ್ಣದ ಪೆಟ್ಟಿಗೆ ತೆರೆದಿಟ್ಟ ಹಾಗೆ. ವೇನ್ ಎರಡೂ ಕೈಯಲ್ಲಿ ಒಟ್ಟಿಗೇ ಗೀಚುತ್ತಾನೆ, ಒಂದು ಕೈಗೆ ಇನ್ನೊಂದು ಕೈಯ ಸುದ್ದಿಯೇ ಬೇಡ. ಮಳೆಯಲ್ಲಿ ನೆನೆದ ಪೀಟರ್ ಸಿಕ್ಕಾಗ ಗಂಡ ಹೆಂಡತಿ ಬಗ್ಗಿ ನೋಡುವುದಿದೆಯಲ್ಲ, ಅಲ್ಲಿ ನಾನು ಸುಮ್ನೆ ಎರಡು ಸಲ ಹಿಂದೆ ಓಡಿಸಿ ನೋಡಿದೆ.

ನನ್ನ ತಕರಾರು ಇರೋದು ಆಮೇಲಿನದ್ದರ ಬಗ್ಗೆ. ಅದನ್ನು ಹೇಳೋಕೆ ಮೊದಲು ದೊಡ್ಡಪ್ಪನ ಕತೆ ಹೇಳಬೇಕು.

ದೊಡ್ಡಪ್ಪ ಬ್ಯಾನರ್ ಆರ್ಟಿಸ್ಟ್. ಫ್ಲೆಕ್ಸ್ ಬರೋಕೆ ಮುಂಚೆ ಬಳ್ಳಾರಿಯ ಟಾಕೀಸುಗಳ ಮುಂದೆ ನಿಲ್ಲುತ್ತಿದ್ದ ಇಪ್ಪತ್ತು ಅಡಿ ಮುಖಗಳಲ್ಲಿ ಎಷ್ಟೋ ಅವನ ಕೈಯವು. ನಮ್ಮದು ಗಡಿ ಊರು. ಒಂದು ವಾರ ರಾಜ್‌ಕುಮಾರ್ ಮೂಗು, ಮುಂದಿನ ವಾರ ಎನ್‌ಟಿಆರ್ ಗದ್ದ. ಕೋರಾ ಬಟ್ಟೆ ಹೊಲಿದು, ಅಂಟು ಕಾಯಿಸಿ ಬಿಳಿ ಪುಡಿ ಕಲಸಿ ಬಳಿದು ಒಣಗಿಸೋದು. ದಾರಕ್ಕೆ ಬಣ್ಣದ ಪುಡಿ ತಿಕ್ಕಿ, ಎರಡೂ ತುದಿ ಬಿಗಿ ಹಿಡಿದು ಚಟ್ ಅಂತ ಬಿಟ್ಟರೆ ಗೆರೆ. ಹಾಗೇ ಮನೆ ಮನೆ ಹೊಡೆದುಕೊಂಡು, ಕೈಯಗಲದ ಸ್ಟಿಲ್ ಫೋಟೋದಲ್ಲಿದ್ದ ಮುಖವನ್ನು ಆ ಮನೆಗಳಿಗೆ ತುಂಬೋದು. ದಾರದ ಒಂದು ತುದಿ ಹಿಡಿಯೋ ಕೆಲಸ ನಂದು. ಪುಡಿ ಬಣ್ಣಕ್ಕೆ ಅಗಸೆ ಎಣ್ಣೆ ಹಾಕಿ ಕಲಸುವ ವಾಸನೆ ಇವತ್ತಿಗೂ ಎಲ್ಲಾದರೂ ಬಂದರೆ ನಾನು ಶುಕ್ರವಾರ ಯಾವ ಸಿನಿಮಾ ಅಂತ ಯೋಚಿಸ್ತೀನಿ.

ಕಣ್ಣು ಮಾತ್ರ ಕೊನೆಗೆ. ಗುರುವಾರ ರಾತ್ರಿ. ಆ ಹೊತ್ತಲ್ಲಿ ಯಾರೂ ಮಾತಾಡಿಸುವ ಹಾಗಿಲ್ಲ. ಒಂದು ಸಲ ಬ್ಯಾನರ್ ಕಟ್ಟಿ ಬಂದು ಮಲಗಿದವನು ರಾತ್ರಿ ಎರಡಕ್ಕೆ ಎದ್ದು ಹೋದ. ಎಡಗಣ್ಣು ತನ್ನನ್ನು ನೋಡಲೊಲ್ಲದು ಅಂತ. ಬ್ರಷ್ ಬಾಯಲ್ಲಿ ಕಚ್ಚಿಕೊಂಡು ಬಿದಿರು ಕಟ್ಟಿಗೆ ಹತ್ತಿದವನನ್ನು ಟಾಕೀಸಿನ ವಾಚ್‌ಮನ್ ಕಳ್ಳ ಅಂದುಕೊಂಡು ಕೂಗಿದ, ಜನ ಸೇರಿದರು. ಮರುದಿನದಿಂದ ಅವನ ಹೆಸರು ಹುಚ್ಚ ಪೇಂಟರ್. ಕಣ್ಣು ಸರಿಯಾಯಿತಾ ಅಂತ ಒಬ್ಬನೂ ಕೇಳಲಿಲ್ಲ.

ದುಡ್ಡಿನ ವಿಷಯ ಕೇಳಿ. ಬ್ಯಾನರಿಗೆ ಇಷ್ಟು ಅಂತ ಮಾತಾಗಿರುತ್ತಿತ್ತು. ಅರ್ಧ ಮೊದಲು, ಉಳಿದದ್ದು ಮೊದಲ ವಾರದ ಕಲೆಕ್ಷನ್ ನೋಡಿ. ಸಿನಿಮಾ ಓಡದಿದ್ದರೆ "ನಿನ್ನ ಬ್ಯಾನರ್ ನೋಡಿ ಯಾರು ಬಂದರಪಾ" ಅನ್ನೋರು. ಓಡಿದರೆ? ನೂರು ದಿನ ಓಡಿದರೂ ಅದೇ ರೇಟು. ಸಿನಿಮಾ ಎತ್ತಿದ ಮೇಲೆ ಬಟ್ಟೆ ತೊಳೆದು, ಮತ್ತೆ ಬಿಳಿ ಬಳಿದು, ಅದರ ಮೇಲೇ ಮುಂದಿನ ಹೀರೊ. ಒಂದೇ ಬಟ್ಟೆಯೊಳಗೆ ಎಂಟು ಹತ್ತು ಮುಖ ಮಲಗಿರುತ್ತಿದ್ದವು. ಇನ್ನು ಬಳಿಯಲಾಗದು ಅನ್ನುವಷ್ಟು ದಪ್ಪವಾದಾಗ ಸಂತೆಯವರಿಗೆ ನೆರಳಿಗೆ ಮಾರೋದು. ಈರುಳ್ಳಿ ರಾಶಿಯ ಮೇಲೆ ಯಾವುದೋ ನಾಯಕಿಯ ಅರ್ಧ ತುಟಿ ಜೋಲಾಡುತ್ತಿರುವುದನ್ನು ನಾನೇ ನೋಡಿದ್ದೇನೆ.

ಈಗ ವೇನ್‌ಗೆ ಬನ್ನಿ. ಅವನೂ ಚಿತ್ರವನ್ನು ಹಕ್ಕಿನ ಸಮೇತ ಒಂದೇ ಸಲಕ್ಕೆ ಮಾರಿಬಿಡುತ್ತಿದ್ದ. ಕೊಂಡವರು ಕಾರ್ಡಿಗೆ, ಪುಸ್ತಕಕ್ಕೆ, ಎಲ್ಲಿ ಬೇಕಾದರೂ ಹಾಕಿಕೊಳ್ಳಬಹುದು. ಇಂಗ್ಲೆಂಡಿನ ಎಷ್ಟೋ ಮನೆಯಲ್ಲಿ ಇವನ ಬೆಕ್ಕು, ಇವನ ಮನೆಯಲ್ಲಿ ಸಾಲ. ನ್ಯಾಷನಲ್ ಕ್ಯಾಟ್ ಕ್ಲಬ್ಬಿನ ಅಧ್ಯಕ್ಷನಾದ. ಗೌರವ ಬಂತು, ಗೌರವಕ್ಕೆ ಅಕ್ಕಿ ಬೇಯಲ್ಲ. 1907ರಲ್ಲಿ ಅಮೆರಿಕಕ್ಕೆ ಹೋಗಿ ಪತ್ರಿಕೆಗಳಿಗೆ ಬರೆದ. ಯಾರದೋ ಹೊಸ ಸಂಶೋಧನೆಗೆ ದುಡ್ಡು ಹಾಕಿ ಕಳೆದುಕೊಂಡ. ಅಮ್ಮ ತೀರಿದ ಮೇಲೆ ವಾಪಸ್. ಅಷ್ಟರೊಳಗೇ ಒಬ್ಬ ತಂಗಿಗೆ ಬುದ್ಧಿ ಕೆಟ್ಟು ಆಸ್ಪತ್ರೆ ಸೇರಿದ್ದಳು, 1913ರಲ್ಲಿ ಅಲ್ಲೇ ತೀರಿಕೊಂಡಳು. ಮರುವರ್ಷ ಇವನು ಬಸ್ಸಿನಿಂದ ಬಿದ್ದು ತಲೆಗೆ ಪೆಟ್ಟು. ಅದೇ ಹೊತ್ತಿಗೆ ಮಹಾಯುದ್ಧ ಶುರು, ಕಾಗದಕ್ಕೇ ಬರ ಇರುವಾಗ ಬೆಕ್ಕಿನ ಪುಸ್ತಕ ಯಾರು ಅಚ್ಚು ಹಾಕುತ್ತಾರೆ?

ಸಿನಿಮಾದಲ್ಲೂ ಈ ಹಕ್ಕಿನ ಮಾತು ಬರುತ್ತದೆ. ಆದರೆ ಬಂದು ಹಾಗೇ ಹೋಗುತ್ತದೆ, ಅಯ್ಯೋ ಪಾಪ ಭೋಳೆ ಮನುಷ್ಯ ಅನ್ನುವ ಹಾಗೆ. ಮೂವತ್ತು ವರ್ಷದ ಬದುಕನ್ನು ಬಸ್ ತಪ್ಪಿಹೋಗುತ್ತದೇನೋ ಎಂಬಂತೆ ಓಡಿಸಿ, ಕೊನೆಗೆ ಪರದೆ ತುಂಬಾ ಬಣ್ಣ ಒಡೆದು, ಬೆಕ್ಕುಗಳು ಕನ್ನಡಿ ಚೂರಿನ ಥರ ತಿರುಗುತ್ತವೆ. ನೋಡಲು ಚಂದ. ನನಗೆ ಸಿಟ್ಟು ಬಂದದ್ದು ಅಲ್ಲೇ.

ಯಾಕೆ ಅಂದರೆ ಆ ಚೂರು ಚೂರು ಬೆಕ್ಕುಗಳನ್ನು ನಾನು ಮೊದಲು ನೋಡಿದ್ದು ಬಿ.ಎಡ್ ಓದುವಾಗ. ಮನಃಶಾಸ್ತ್ರದ ಕ್ಲಾಸಿಗೆ ಯಾವುದೋ ಪುಸ್ತಕದ ಜೆರಾಕ್ಸ್ ಹಂಚಿದ್ದರು. ಸಾಲಾಗಿ ಬೆಕ್ಕಿನ ಚಿತ್ರ. ಮೊದಲನೆಯದು ಮುದ್ದಾದ ಬೆಕ್ಕು, ಆಮೇಲೆ ಕಣ್ಣು ಅರಳಿದ ಬೆಕ್ಕು, ಕೊನೆಯದು ಬೆಕ್ಕೋ ರಂಗೋಲಿಯೋ ತಿಳಿಯದ್ದು. ಸ್ಕಿಜೋಫ್ರೇನಿಯಾ ಅನ್ನುವ ಮನೋರೋಗ ಬೆಳೆದ ಹಾಗೆ ಕಲಾವಿದನ ಮನಸ್ಸು ಹೇಗೆ ಒಡೆಯಿತು ನೋಡಿ ಅಂತ ಪಾಠ. ನಾನೂ ಬರೆದು ಮಾರ್ಕ್ಸ್ ತೆಗೆದುಕೊಂಡೆ. ಈಗಲೂ ವಾಟ್ಸಾಪಲ್ಲಿ ಆಗಾಗ ಬರುತ್ತಿರುತ್ತದೆ.

ಆ ಸಾಲು ಜೋಡಿಸಿದ್ದು ವೇನ್ ಅಲ್ಲವೇ ಅಲ್ಲ. ವಾಲ್ಟರ್ ಮ್ಯಾಕ್ಲೆ ಅನ್ನುವ ಮನೋವೈದ್ಯರಿಗೆ 1939ರಲ್ಲಿ, ವೇನ್ ತೀರಿಕೊಂಡ ವರ್ಷವೇ, ಲಂಡನ್ನಿನ ಒಂದು ಅಂಗಡಿಯಲ್ಲಿ ಈ ಚಿತ್ರಗಳು ಸಿಕ್ಕವು. ಒಂದರ ಮೇಲೂ ತಾರೀಖು ಇರಲಿಲ್ಲ. ಇದು ಮೊದಲು, ಇದು ಆಮೇಲೆ ಅಂತ ಅವರೇ ತಮ್ಮ ಲೆಕ್ಕಕ್ಕೆ ಹೊಂದುವ ಹಾಗೆ ಜೋಡಿಸಿದರು. ವೇನ್ ಕೊನೆಗಾಲದಲ್ಲಿ ನೇಪ್ಸ್‌ಬರಿ ಅನ್ನುವ ಮಾನಸಿಕ ಆಸ್ಪತ್ರೆಯಲ್ಲಿದ್ದಾಗಲೂ ಮಾಮೂಲಿ ಬೆಕ್ಕುಗಳನ್ನು ಬರೆಯುತ್ತಲೇ ಇದ್ದ. ಅವನ ಅಮ್ಮ ರತ್ನಗಂಬಳಿಗೆ, ಬಟ್ಟೆಗೆ ವಿನ್ಯಾಸ ಬರೆಯುತ್ತಿದ್ದವರು, ಅಪ್ಪನದು ಬಟ್ಟೆ ವ್ಯಾಪಾರ. ಆ ಚಿತ್ರ ನೋಡಿದರೆ ನನಗೀಗ ಕೌದಿ ಕಾಣುತ್ತದೆ. ನಮ್ಮ ಮನೆಯ ಕೌದಿಯಲ್ಲಿ ಒಂದು ಚೂರು ಹೂವು, ಒಂದು ಚೂರು ಗೆರೆ, ನಡುವೆ ನನ್ನ ಹಳೇ ಅಂಗಿ. ಹೊಲಿದ ಅಜ್ಜಿಗೆ ಯಾರೂ ಕಾಯಿಲೆ ಹೆಸರು ಹೇಳಲಿಲ್ಲ.

ವೇನ್‌ಗೆ ಕಾಯಿಲೆ ಇರಲಿಲ್ಲ ಅಂತ ನಾನು ಹೇಳುತ್ತಿಲ್ಲ, ತಪ್ಪು ತಿಳಿಯಬೇಡಿ. ಇತ್ತು. ಸಿನಿಮಾ ಪರದೆಯ ಮಿಣುಕು ತನ್ನ ತಂಗಿಯರ ಮಿದುಳಿನ ವಿದ್ಯುತ್ತನ್ನು ಹೀರುತ್ತಿದೆ ಅಂತ ನಂಬಿದ್ದ. (ಅವನ ಮೇಲೇ ಸಿನಿಮಾ!) ತಂಗಿಯರ ಮೇಲೆ ಕೈ ಮಾಡತೊಡಗಿದ. 1924ರಲ್ಲಿ ಅವರೇ ವಿಧಿಯಿಲ್ಲದೆ ಆಸ್ಪತ್ರೆಗೆ ಸೇರಿಸಿದರು. ಸೇರಿಸಿದ್ದು ಬಡವರ ವಾರ್ಡಿಗೆ. ನನ್ನ ಗಂಟಲು ಕಟ್ಟಿದ್ದು ಈ ಒಂದು ಪದಕ್ಕೆ. ದೇಶಕ್ಕೆಲ್ಲ ಗೊತ್ತಿದ್ದ ಮನುಷ್ಯ, ವರ್ಷಕ್ಕೆ ನೂರಾರು ಚಿತ್ರ ಬರೆದವನು, ಬಡವರ ವಾರ್ಡಲ್ಲಿ. ಮರುವರ್ಷ ಡ್ಯಾನ್ ರೈಡರ್ ಎನ್ನುವವರು ಆಸ್ಪತ್ರೆ ನೋಡಲು ಬಂದಾಗ ಮೂಲೆಯಲ್ಲೊಬ್ಬ ಬೆಕ್ಕು ಬರೆಯುತ್ತಿದ್ದ. ಲೂಯಿಸ್ ವೇನ್ ಬರೆದ ಹಾಗೇ ಇದೆಯಲ್ಲಾ ಅಂದರು. ನಾನೇ ವೇನ್ ಅಂದ ಅವನು. ಆಮೇಲೆ ಲೇಖಕ ಎಚ್.ಜಿ. ವೆಲ್ಸ್, ರಾಜಕಾರಣಿ ರಾಮ್ಸೆ ಮ್ಯಾಕ್‌ಡೊನಾಲ್ಡ್ ಥರದವರು ಸೇರಿ, ಜನ ಹಣ ಕೊಟ್ಟು, ಒಳ್ಳೆ ಆಸ್ಪತ್ರೆಗೆ ಹೋದ. ಬೆಕ್ಕೊಂದಕ್ಕೆ ಒಂದು ಕಾಸಿನಂತೆ ಹಕ್ಕು ಅವನ ಹತ್ತಿರವೇ ಉಳಿದಿದ್ದರೆ ಈ ಚಂದಾ ಎತ್ತುವ ಕೆಲಸವೇ ಬೇಕಿರಲಿಲ್ಲ.

ನಮ್ಮೂರಿನವರೇ ನಾಟಕದ ಬಳ್ಳಾರಿ ರಾಘವರು ಇದ್ದರಲ್ಲ, 1880ರಿಂದ 1946. ವೇನ್ ಕಾಲದವರೇ ಅನ್ನಿ. ಅವರಿಗೂ ಕಲೆಯ ಹುಚ್ಚು ಕಡಿಮೆ ಇರಲಿಲ್ಲ, ಹೆಣ್ಣು ಪಾತ್ರಕ್ಕೆ ಹೆಣ್ಣುಮಕ್ಕಳೇ ಬರಬೇಕು ಅಂತ ಆ ಕಾಲಕ್ಕೇ ಹಟ ಹಿಡಿದವರು. ಆದರೆ ಹಗಲು ಕರೀಕೋಟು. ವಕೀಲಿಕೆ ಚೆನ್ನಾಗಿ ನಡೆಯುತ್ತಿತ್ತು, ನಾಟಕದಿಂದಲೇ ಒಲೆ ಹೊತ್ತಬೇಕು ಅಂತಿರಲಿಲ್ಲ. ಅವರನ್ನು ಊರು ಹುಚ್ಚ ಅನ್ನಲಿಲ್ಲ, ಕಲಾಮಂದಿರಕ್ಕೆ ಹೆಸರಿಟ್ಟಿತು.

ಸಿನಿಮಾದಲ್ಲಿ ನನಗೆ ತುಂಬಾ ಇಷ್ಟವಾದದ್ದು ದೊಡ್ಡ ತಂಗಿ ಕ್ಯಾರೊಲಿನ್. ಆಂಡ್ರಿಯಾ ರೈಸ್‌ಬರೊ ಮಾಡಿದ್ದಾರೆ. ಎಲ್ಲರೂ ಅವಳನ್ನು ಸಿಡುಕಿ ಅಂದುಕೊಳ್ಳಬೇಕು, ಹಾಗೇ ಬರೆದಿದ್ದಾರೆ. ಬಾಡಿಗೆ ಎಲ್ಲಿಂದ, ಕಲ್ಲಿದ್ದಲು ಎಲ್ಲಿಂದ ಅಂತ ಕೇಳುವವಳು ಅವಳೊಬ್ಬಳೇ. ಅವಳು ಬಾಯಿ ತೆರೆದಾಗಲೆಲ್ಲ ನನಗೆ ದೊಡ್ಡಮ್ಮ ಕಂಡಳು. ಫ್ಲೆಕ್ಸ್ ಬಂದ ಮೇಲೆ ಎರಡೇ ವರ್ಷಕ್ಕೆ ದೊಡ್ಡಪ್ಪನ ಕೆಲಸ ನಿಂತಿತು. ಮನೆ ಗೋಡೆ ಮೇಲೆ ಕಣ್ಣು ಬರೆಯಲು ಶುರು ಮಾಡಿದ, ಬರೀ ಕಣ್ಣು. ಮಾತ್ರೆ ಶುರುವಾಯಿತು. ಆಗ ದೊಡ್ಡಮ್ಮ ಜೀನ್ಸ್ ಪ್ಯಾಂಟಿನ ದಾರ ಕತ್ತರಿಸೋ ಕೆಲಸ ಹಿಡಿದಳು. ಬಳ್ಳಾರಿ ಜೀನ್ಸ್ ಹಾಕಿಕೊಳ್ಳುವವರಿಗೆ ಗೊತ್ತಿರಲಿಕ್ಕಿಲ್ಲ, ಹೊಲಿದು ಬಂದ ಪ್ಯಾಂಟಿನ ಉಳಿದ ದಾರಗಳನ್ನು ಕತ್ತರಿಸಲು ಮನೆ ಮನೆಗೆ ಕೊಡುತ್ತಾರೆ. ಪೀಸಿಗೆ ಇಷ್ಟು ಅಂತ ಲೆಕ್ಕ. ಗಂಟು ಬಿಚ್ಚಿ ಕೂತರೆ ಸಂಜೆಗೆ ಬೆರಳು ತುದಿ ನೀಲಿ. ಅದಕ್ಕೇ ಅವಳು ಮಾಳಿಗೆ ಮೇಲೆ ಕೂತು ಮೊದಲು ಕೇಳಿದ್ದು ಅದು. ಅವಳಿಗೆ ಒಂದೊಂದು ಪ್ಯಾಂಟಿಗೂ ಕಾಸು ಬಂದಿತ್ತು, ಅವಳ ಗಂಡನಿಗೆ ನೂರು ದಿನಕ್ಕೂ ಒಂದೇ ಸಲ.

ಸಿನಿಮಾ ನೋಡಿ. ಬೇಡ ಅನ್ನಲ್ಲ, ಎಮಿಲಿಗಾಗಿಯಾದರೂ ನೋಡಿ. ಒಲಿವಿಯಾ ಕೋಲ್ಮನ್ ಹಿನ್ನೆಲೆಯಲ್ಲಿ ಕತೆ ಹೇಳುವ ದನಿಯಲ್ಲಿ ಚೇಷ್ಟೆ ಇದೆ, ಗಾಯಕ ನಿಕ್ ಕೇವ್ ಒಂದು ನಿಮಿಷ ವೆಲ್ಸ್ ಆಗಿ ಬರುತ್ತಾರೆ. ಕೊನೆಯ ಬಣ್ಣದ ಓಕುಳಿಗೆ ಮಾತ್ರ ಮರುಳಾಗಬೇಡಿ.

ಮರುದಿನ ನಾನು ಅಟ್ಟದ ಟ್ರಂಕ್ ಇಳಿಸಿದೆ. ಬ್ರಷ್ಷು ಒಣಗಿ ಕಟ್ಟಿಗೆ ಆಗಿವೆ. ದೊಡ್ಡಪ್ಪನ ಉದ್ದನೆಯ ಲೆಕ್ಕದ ಪುಸ್ತಕ ಇತ್ತು. ಸಿನಿಮಾ ಹೆಸರು, ಅಡಿ, ಬಂದದ್ದು, ಬಾಕಿ. ಒಂದು ಟಾಕೀಸಿನ ಹೆಸರ ಮುಂದೆ ಬಾಕಿ 340 ಅಂತಿದೆ, ಕೆಳಗೆ ಎರಡು ಗೆರೆ. ಆ ಟಾಕೀಸು ಕೆಡವಿ ಕಾಂಪ್ಲೆಕ್ಸ್ ಆಗಿ ಎಷ್ಟೋ ವರ್ಷವಾಯಿತು. ದೊಡ್ಡಮ್ಮನಿಗೆ ಓದಿ ಹೇಳಿದೆ. ಇದನ್ನೇನು ಮಾಡೋದು, ರದ್ದಿಗೆ ಹಾಕಲಾ ಅಂದೆ.

"ಇಡೋ, ಇರ್ಲಿ. ಬಾಕಿ ಅಂತ ಬರದಾನಲ್ಲ, ಕೊಟ್ರೂ ಕೊಟ್ಟಾರು."