ಟಬ್‌ನೊಳಗೆ ನಾನು, ಟೇಪ್ ಹಿಡಿದು ಇವರು

ಬಚ್ಚಲುಮನೆ ಒಡೆದು ಇವತ್ತಿಗೆ 22 ದಿನ. "ಹತ್ತೇ ದಿನ ಅಕ್ಕ" ಅಂದಿದ್ದರು ಮೇಸ್ತ್ರಿ. ಯಾವ ಹತ್ತು ದಿನ ಅಂತ ನಾನೂ ಕೇಳಲಿಲ್ಲ, ಅವರೂ ಹೇಳಲಿಲ್ಲ. ಉಳಿದಿರುವ ಒಂದೇ ಬಾತ್‌ರೂಮಿಗೆ ಮನೆಯ ನಾಲ್ಕೂ ಜನ ಬೆಳಗ್ಗೆ ಐದೂವರೆಯಿಂದ ಸರದಿ ನಿಲ್ಲುತ್ತೇವೆ. ಟೈಲ್ಸ್ ಕತ್ತರಿಸಿದ ಧೂಳು ಮುಚ್ಚಳ ಬಿಗಿದಿಟ್ಟ ಉದ್ದಿನಬೇಳೆ ಡಬ್ಬದೊಳಕ್ಕೂ ಹೋಗಿದೆ. ಹೇಗೆ ಹೋಯಿತು ಅಂತ ಹೇಳಿದವರಿಗೆ ದೋಸೆ ಹಾಕಿಕೊಡುತ್ತೇನೆ. ಅದೇ ಬೇಳೆಯದ್ದು.

ಕೆಲಸ ನಿಂತಿರುವುದು ನನ್ನಿಂದ ಅಂತ ಮನೆಯವರ ಆರೋಪ. ಟಬ್ ಬೇಕು ಅಂದವಳು ನಾನೇ, ಒಪ್ಪುತ್ತೇನೆ. ಎರಡು ವರ್ಷದ ಹಿಂದೆ ಅಣ್ಣನ ಮಗಳ ಮದುವೆಯಲ್ಲಿ ಛತ್ರ ಸುತ್ತಿ ಸುತ್ತಿ ಸೊಂಟ ಬಿದ್ದುಹೋಗಿತ್ತು. ನಮಗೆ ಕೊಟ್ಟ ಹೋಟೆಲ್ ರೂಮಿನಲ್ಲಿ ಟಬ್ ಇತ್ತು. ಬಿಸಿನೀರು ತುಂಬಿಸಿ ಇಪ್ಪತ್ತು ನಿಮಿಷ ಮಲಗಿದೆ. ಎದ್ದಾಗ ನನಗೊಂದು ಸೊಂಟ ಇದೆ ಅನ್ನುವುದೇ ಮರೆತುಹೋಗಿತ್ತು.

ಇವರು ಬೇಡ ಅನ್ನಲಿಲ್ಲ. ಅಂದಿದ್ದರೆ ಜಗಳವಾಡಿ ಮುಗಿಸಬಹುದಿತ್ತು. ಅದರ ಬದಲು ಅಂಗಡಿಗೆ ಹೋಗಿ ಅಳತೆ ಟೇಪ್ ತಂದರು.

ಐದು ಮೀಟರಿನ ಹಳದಿ ಟೇಪ್. ಬಟನ್ ಒತ್ತಿದರೆ ಟರ್ರ್ ಅಂತ ಒಳಗೆ ಓಡುತ್ತದೆ. ಆ ಸದ್ದಿನ ಚಟ ಹತ್ತಿದೆ ಇವರಿಗೆ. ಬಾತ್‌ರೂಮ್ ಎಂಟು ಅಡಿ ಉದ್ದ, ಐದು ಅಡಿ ಅಗಲ ಅಂತ ಮನೆ ಕಟ್ಟಿದಾಗಿನಿಂದ ಗೊತ್ತು. ಆದರೂ ದಿನಾ ಬೆಳಗ್ಗೆ ಅಳೆಯುತ್ತಾರೆ, ರಾತ್ರಿ ಎಲ್ಲಾದರೂ ಬೆಳೆದಿದ್ದರೆ ಅನ್ನುವ ಹಾಗೆ. ಬಾಗಿಲು ಅಳೆದರು, ಮೆಟ್ಟಿಲ ತಿರುವು ಅಳೆದರು. ಟಬ್ ಮೇಲಕ್ಕೆ ಬರಬೇಕಲ್ಲ, ಸರಿ. ಆಮೇಲೆ ಫ್ರಿಡ್ಜ್. ಆಮೇಲೆ ಪಕ್ಕದ ಮನೆಯವರ ಕಾರು. ಮೊನ್ನೆ ರಾತ್ರಿ ತಟ್ಟೆಯಲ್ಲಿದ್ದ ಚಪಾತಿ. "ಆರೂಮುಕ್ಕಾಲು ಇಂಚು ಕಣೇ. ನಿನ್ನೆದು ಏಳಿತ್ತು."

ಭಾನುವಾರ ಶೋರೂಮಿಗೆ ಹೋದೆವು. ಬೆಳ್ಳಗೆ ಸಾಲಾಗಿ ಇಪ್ಪತ್ತು ಟಬ್. ಸೇಲ್ಸ್ ಹುಡುಗ ಪಾಠ ಒಪ್ಪಿಸಿದ. "ಇದು ಅಕ್ರಿಲಿಕ್ ಸಾರ್, ಮೈಗೆ ತಣ್ಣಗೆ ತಾಗಲ್ಲ. ಅದು ಎರಕದ ಕಬ್ಬಿಣ, ಟಬ್ ಒಂದೇ ನೂರು ಕೆಜಿ ಮೇಲೆ. ಇದು 1700 ಮಿಲಿಮೀಟರ್ ಸಾರ್, ಆರಾಮಾಗಿ ಕಾಲು ಚಾಚಬಹುದು." ಇವರು ಟೇಪ್ ಎಳೆದರು. ಹೊರಗಡೆ ಐದೂವರೆ ಅಡಿ ಮೇಲೆ, ಒಳಗೆ ತಳದಲ್ಲಿ ನಾಲ್ಕು ಅಡಿಯೂ ಇಲ್ಲ. "ಏನಪ್ಪಾ, ಫ್ಲಾಟ್ ಮಾರುವವರ ಹಾಗೆ ಸೂಪರ್ ಬಿಲ್ಟ್ ಅಪ್ ಏರಿಯಾ ಹೇಳ್ತಾ ಇದ್ದೀಯಾ?" ಹುಡುಗ ನಕ್ಕ. ಆಳ ಹದಿನೆಂಟು ಇಂಚು ಅಂದ. ನೀರು ಹೊರಗೆ ಹೋಗುವ ತೂತು ಹದಿಮೂರಕ್ಕೇ ಇತ್ತು. ಅಂದರೆ ನೀರು ಅಷ್ಟೇ. ನಾನು ಮಲಗಿದರೆ ಮಂಡಿ ಎರಡೂ ನಡುಗಡ್ಡೆ. ಮಂಡಿ ಮುಳುಗಿಸಿದರೆ ಭುಜ ಹೊರಗೆ. ಚಿಕ್ಕ ಕಂಬಳಿಯ ಕಥೆ.

"ಮೇಡಂ, ಮಲಗಿ ನೋಡಿ. ಹಾಗೆ ನೋಡಿದರೆ ಗೊತ್ತಾಗಲ್ಲ" ಅಂದ ಹುಡುಗ.

ಚಪ್ಪಲಿ ಬಿಟ್ಟು, ಸೆರಗು ಸಿಕ್ಕಿಸಿಕೊಂಡು ಇಳಿದೆ. ಮಲಗಿದೆ. ನಿಜ ಹೇಳಬೇಕಂದರೆ ಹಾಯಾಗಿತ್ತು. ಕಣ್ಣು ಮುಚ್ಚಿದೆ. ಟರ್ರ್ ಅಂತ ಸದ್ದಾಯಿತು.

"ಭುಜ, ಹದಿನಾರೂವರೆ!"

ಕಣ್ಣು ಬಿಟ್ಟರೆ ಇವರು ಟೈಲರ್ ಹಾಗೆ ಬಗ್ಗಿದ್ದಾರೆ. ಹುಡುಗ ಪಕ್ಕದಲ್ಲಿ ಪುಸ್ತಕ ಹಿಡಿದು ಬರೆದುಕೊಳ್ಳುತ್ತಿದ್ದಾನೆ. "ಕುತ್ತಿಗೆಯಿಂದ ಮಂಡಿ, ನಲವತ್ತೊಂದು!" ಆಮೇಲೆ ಟೇಪ್ ಸೊಂಟದ ಹತ್ತಿರ ಬಂತು. "ರೀ, ಆ ನಂಬರ್ ಬಾಯಿಬಿಟ್ಟರೆ ಮನೆಗೆ ಬರಲ್ಲ ನಾನು" ಅಂದೆ. ಬಾಯಿಬಿಟ್ಟರು. ಶೋರೂಮಿನ ಆ ತುದಿಯಲ್ಲಿ ಕಮೋಡ್ ನೋಡುತ್ತಿದ್ದವರೂ ತಿರುಗಿದರು. ಆ ನಂಬರ್ ಇಲ್ಲಿ ಬರೆಯುವುದಿಲ್ಲ.

ಸಿಟ್ಟಲ್ಲಿ ಏಳಲು ಹೋದೆ. ಆಗಲಿಲ್ಲ. ಸಿಲ್ಕ್ ಸೀರೆ, ನುಣ್ಣನೆ ಅಕ್ರಿಲಿಕ್. ಕೈ ಊರಿದರೆ ಜಾರುತ್ತದೆ, ಕಾಲು ಒತ್ತಿದರೆ ಜಾರುತ್ತದೆ. ಒಂದು ಇಂಚು ಮೇಲೆದ್ದು ಎರಡು ಇಂಚು ಕೆಳಗೆ. ಅಷ್ಟರಲ್ಲಿ ಒಂದು ಗಂಡ ಹೆಂಡತಿ, ಕೈಯಲ್ಲಿ ಮಗು, ಅದೇ ಟಬ್ ನೋಡಲು ಬಂದು ನಿಂತರು. ಮೇಲಿಂದ ಬಗ್ಗಿ ಆ ಹುಡುಗಿ ಕೇಳಿದಳು, "ಚೆನ್ನಾಗಿದೆಯಾ ಆಂಟಿ?"

ಬಿದ್ದುಕೊಂಡೇ ಉತ್ತರ ಕೊಟ್ಟೆ. "ಕುತ್ತಿಗೆ ಹತ್ರ ಸ್ವಲ್ಪ ಗಟ್ಟಿಯಮ್ಮ. ಬೆನ್ನಿಗೆ ಪರವಾಗಿಲ್ಲ."

"ಅಮ್ಮ, ಈ ಅಜ್ಜಿನೂ ಟಬ್ ಜೊತೆ ಬರುತ್ತಾ?" ಅಂತು ಮಗು.

ಇವರು ಒಂದು ಕೈ, ಸೇಲ್ಸ್ ಹುಡುಗ ಒಂದು ಕೈ ಹಿಡಿದು ಎಳೆದರು. ಒಣಗಿದ ಟಬ್‌ನಲ್ಲೇ ಈ ಗತಿ. ಸೋಪಿನ ನೀರಲ್ಲಿ ಯಾರನ್ನು ಕರೆಯಲಿ? ಮೇಸ್ತ್ರಿಯನ್ನಾ?

ಕಾರಿನಲ್ಲಿ ಕೂತು ಇವರು ಬ್ರೋಷರ್ ಬೆನ್ನ ಮೇಲೆ ಲೆಕ್ಕ ಹಾಕಿದರು. 150 ಲೀಟರ್ ನೀರು ಅಂದರೆ 150 ಕೆಜಿ, ಟಬ್‌ದು ಬೇರೆ, ನನ್ನದು ಬೇರೆ. "ಕೆಳಗೆ ಬಾಡಿಗೆಯವರ ಅಡುಗೆಮನೆ ಕಣೇ. ಟಬ್ ಸಮೇತ ಅವರ ಸಾಂಬಾರಿಗೆ ಇಳೀತೀಯ." ನಮ್ಮದು 25 ಲೀಟರಿನ ಗೀಸರ್. ಟಬ್ ತುಂಬ ಹದವಾದ ನೀರು ಬೇಕಂದರೆ ಎರಡು ಗೀಸರಿಗಿಂತ ಜಾಸ್ತಿ ಬಿಸಿನೀರು ಬೇಕು. ಎರಡನೇದು ಕಾಯುವುದಕ್ಕೆ ಅರ್ಧ ಗಂಟೆ, ಅಷ್ಟರಲ್ಲಿ ಮೊದಲನೇದು ಆರಿರುತ್ತದೆ. ನಾನು ಕಿಟಕಿಯಾಚೆ ನೋಡುತ್ತಿದ್ದೆ. ಸುಮಾರು 100 ಕಿಲೋಮೀಟರ್ ದೂರದಿಂದ, ಅರ್ಧ ಕಿಲೋಮೀಟರಿನಷ್ಟು ಎತ್ತರಕ್ಕೆ ಕಾವೇರಿಯನ್ನು ಪಂಪ್ ಮಾಡಿ ಬೆಂಗಳೂರಿಗೆ ತರುತ್ತಾರೆ. ಅಷ್ಟು ದೂರ ಹತ್ತಿ ಬಂದವಳನ್ನು ನನ್ನ ಸೊಂಟದ ಕೆಳಗೆ ಹಾಸಿಕೊಳ್ಳಬೇಕು. 2024ರ ಮಾರ್ಚ್‌ನಲ್ಲಿ ಕುಡಿಯುವ ನೀರಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡ ಅಂದಿದ್ದರು. ಆಗ ನಾವೆಲ್ಲ ಅರ್ಧ ಬಕೆಟ್‌ನಲ್ಲಿ ಸ್ನಾನ ಮುಗಿಸಿದವರು, ಅಲ್ವಾ?

ತೀರ್ಥಹಳ್ಳಿ ಕಡೆ ಅಜ್ಜಿಮನೆಯಲ್ಲಿ ತಾಮ್ರದ ಹಂಡೆಯೇ ಒಲೆಯಲ್ಲಿ ಹೂತಿತ್ತು. ಅಡಿಕೆ ಸಿಪ್ಪೆಯ ಬೆಂಕಿ ದಿನವಿಡೀ ಹೊಗೆಯಾಡುತ್ತಿತ್ತು. ದೀಪಾವಳಿಗೆ ಎಣ್ಣೆ ಹಚ್ಚಿ ಮಣೆ ಮೇಲೆ ಕೂರಿಸುತ್ತಿದ್ದಳು ಅಜ್ಜಿ. ಸೀಗೆಪುಡಿ ಕಣ್ಣಿಗೆ ಹೋಗಿ ನಾನು ಕಿರುಚುತ್ತಿದ್ದೆ. "ಮುಚ್ಚೇ ಕಣ್ಣು" ಅಂತ ಗದರಿ ಚೊಂಬಿನ ಮೇಲೆ ಚೊಂಬು ಸುರಿಯುತ್ತಿದ್ದಳು. ಕೊನೆಯ ಚೊಂಬಾದ ಮೇಲೆ ಒರಟು ಅಂಗೈಯಲ್ಲಿ ಹಣೆಯಿಂದ ಗಲ್ಲದವರೆಗೆ ಒಂದೇ ಸಲ ನೀರು ಒರೆಸುತ್ತಿದ್ದಳು. ಬ್ರೋಷರಿನಲ್ಲಿ ತಲೆದಿಂಬು ಇದೆ, ನೀಲಿ ಲೈಟ್ ಇದೆ, ಗುಳ್ಳೆ ಬರುವ ಮೋಟರ್ ಇದೆ. ಬೆನ್ನು ಉಜ್ಜುವವರು ಯಾವ ಪುಟದಲ್ಲೂ ಇಲ್ಲ.

ಇವತ್ತು ಬೆಳಗ್ಗೆ ಮೇಸ್ತ್ರಿ ಮತ್ತೆ ಕೇಳಿದರು. "ಪೈಪ್ ಎಲ್ಲಿ ಬಿಡಲಿ ಅಕ್ಕ?" ಗೋಡೆಗೆ ಒಂದು ಹಿಡಿಕೆ ಹಾಕಿ, ಕೂರುವುದಕ್ಕೆ ಒಂದು ಗ್ರಾನೈಟ್ ಕಟ್ಟೆ ಕಟ್ಟಿ, ಟಬ್ ಬೇಡ ಅಂದೆ. ಇವರ ಮುಖ ಬಾಡಿತು. ಆಮೇಲೆ ಕಟ್ಟೆ ಎಷ್ಟು ಎತ್ತರ ಅಂತ ನೆನಪಾಗಿ ಟೇಪ್ ಹುಡುಕಲು ಓಡಿದರು.

ಹತ್ತು ನಿಮಿಷದಲ್ಲಿ ಶೋರೂಮಿನ ಹುಡುಗನ ಫೋನ್. "ಮೇಡಂ, ಹೊಸ ಮಾಡೆಲ್ ಬಂದಿದೆ. ನೀವು ಬರೋದೇ ಬೇಡ, ನಿಮ್ಮ ಅಳತೆ ಎಲ್ಲಾ ನಮ್ಮ ಹತ್ರ ಇದೆ. ಸೊಂಟ..."

ಕಟ್ ಮಾಡಿದೆ.