ಕಂಬಿ ಎಣಿಸುವ ಕೀಟಾಣುಗಳು

ಸುದ್ದಿ ಸಿಗದ ದಿನ ಏನು ಮಾಡಬೇಕು? ಒಂದು ಹತ್ತಿಕಡ್ಡಿ ಹಿಡಿದು ಬಸ್ಸು ಹತ್ತಬೇಕು. ಕಂಬಿಗೆ ಸವರಿ ಲ್ಯಾಬಿಗೆ ಕೊಟ್ಟರೆ ಮುಗಿಯಿತು, ತಲೆಬರಹ ಸಿದ್ಧ: ‘ನೀವು ಹಿಡಿಯೋ ಕಂಬಿಗಿಂತ ಟಾಯ್ಲೆಟ್ ಸೀಟೇ ಕ್ಲೀನು!’ ಪಾಪ, ಆ ಟಾಯ್ಲೆಟ್ ಸೀಟು. ಫೋನು, ಕೀಬೋರ್ಡು, ರಿಮೋಟು ಎಲ್ಲದರ ಎದುರೂ ಗೆದ್ದು ಗೆದ್ದು ಅದಕ್ಕೇ ಸಾಕಾಗಿರಬೇಕು.

ಹುಡುಕಿದರೆ ಸಿಗದೆ ಇರುತ್ತವಾ? ನಮ್ಮೊಬ್ಬೊಬ್ಬರ ಮೈಯಲ್ಲೂ ಸುಮಾರು 38 ಲಕ್ಷ ಕೋಟಿ ಬ್ಯಾಕ್ಟೀರಿಯಾ ಇವೆ ಅನ್ನುವ ಅಂದಾಜಿದೆ. ಅಷ್ಟನ್ನೂ ಹೊತ್ತುಕೊಂಡು ಹತ್ತುತ್ತೇವೆ, ಟಿಕೆಟ್ ಮಾತ್ರ ಒಂದೇ! ಕಂಬಿ ಮೇಲಿರುವುದರಲ್ಲಿ ಬಹುಪಾಲು ನಮ್ಮದೇ ಚರ್ಮದಿಂದ ಇಳಿದ, ಯಾರ ತಂಟೆಗೂ ಹೋಗದ ಸಾಧು ಜೀವಿಗಳು.

2015ರಲ್ಲಿ ನ್ಯೂಯಾರ್ಕಿನ ಸಬ್‌ವೇ, ಅಂದರೆ ಅಲ್ಲಿನ ಸುರಂಗ ರೈಲು, ಸವರಿದ ವಿಜ್ಞಾನಿಗಳ ವರದಿ ಬಂತು. ಸಿಕ್ಕ ಡಿಎನ್‌ಎಯಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಯಾವ ಜೀವಿಯದ್ದೆಂದೇ ಗೊತ್ತಾಗಲಿಲ್ಲ. ನಿಜವಾದ ಸೋಜಿಗ ಅದು. ಆದರೆ ಪ್ಲೇಗ್, ಆಂಥ್ರಾಕ್ಸ್‌ನ ಚೂರುಪಾರು ಕೂಡ ಇರಬಹುದು ಅಂದಿದ್ದೇ ತಡ, ಸುದ್ದಿಮನೆಗಳಿಗೆ ಹಬ್ಬ. ಪ್ಲೇಗ್ ಬಂದ ಪ್ರಯಾಣಿಕ ಮಾತ್ರ ಒಬ್ಬನೂ ಸಿಗಲಿಲ್ಲ. ನಗರದ ಆರೋಗ್ಯ ಇಲಾಖೆ ತಕರಾರು ತೆಗೆಯಿತು. ಕೊನೆಗೆ ಸಂಶೋಧಕರೇ ಗಟ್ಟಿ ಪುರಾವೆ ಇಲ್ಲವೆಂದು ತಿದ್ದುಪಡಿ ಹಾಕಿದರು. ತಿದ್ದುಪಡಿಯನ್ನು ಯಾರು ಓದುತ್ತಾರೆ ಹೇಳಿ!

ಕೊರೊನಾ ಬಂದಾಗಲಂತೂ ಕಂಬಿಗಳಿಗೆ ರಾಜೋಪಚಾರ. ರಾತ್ರಿಯಿಡೀ ಓಡುತ್ತಿದ್ದ ನ್ಯೂಯಾರ್ಕಿನ ಅದೇ ರೈಲನ್ನು 2020ರ ಮೇ ತಿಂಗಳಿಂದ ಒಂದು ವರ್ಷ ನಡುರಾತ್ರಿ ನಿಲ್ಲಿಸಿ ಉಜ್ಜಿದರು. 2021ರ ಏಪ್ರಿಲ್‌ನಲ್ಲಿ ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ ಹೇಳಿದ್ದೇನು? ಸೋಂಕಿರುವ ವಸ್ತುವನ್ನು ಒಮ್ಮೆ ಮುಟ್ಟಿದರೆ ಕೊರೊನಾ ಅಂಟುವ ಸಾಧ್ಯತೆ ಸಾಮಾನ್ಯವಾಗಿ 10,000ಕ್ಕೆ ಒಂದಕ್ಕಿಂತ ಕಡಿಮೆಯಂತೆ. ಜಾಸ್ತಿ ಹರಡುವುದು ಗಾಳಿಯಲ್ಲಿ. ಆದರೆ ಗಾಳಿಯನ್ನು ಒರೆಸುವುದು ಹೇಗೆ? ಅದರ ಫೋಟೋ ಕೂಡ ಚೆನ್ನಾಗಿ ಬರಲ್ಲ. ಮೈತುಂಬ ಬಿಳಿ ಉಡುಪು ತೊಟ್ಟು, ಬೆನ್ನಿಗೆ ಟ್ಯಾಂಕು ಕಟ್ಟಿ, ಖಾಲಿ ಸೀಟಿಗೆ ಬುಸ್ಸೆಂದು ಔಷಧಿ ಹೊಡೆದರೆ ಅದು ಕೆಲಸ ಅನ್ನಿಸುತ್ತದೆ, ಅಲ್ವಾ?

ಜನರೇನು ಕಮ್ಮಿಯಿಲ್ಲ. ಟಿಶ್ಯೂ ಸುತ್ತಿ ಎರಡೇ ಬೆರಳಲ್ಲಿ ಕಂಬಿ ಹಿಡಿಯುತ್ತಾರೆ. ಅದೇ ಟಿಶ್ಯೂನಲ್ಲಿ ಮೂಗು ಒರೆಸಿಕೊಳ್ಳುತ್ತಾರೆ. ಇಳಿದ ಮೇಲೆ ಸೋಪು ಹಾಕಿ ಕೈ ತೊಳೆದರೆ ಸಾಕು ಅಂದರೆ ಯಾರಿಗೂ ಸಮಾಧಾನವಿಲ್ಲ, ಅಷ್ಟು ಸುಲಭದ್ದು ಹೇಗೆ ಕೆಲಸ ಮಾಡೀತು? ಇನ್ನು ಪಕ್ಕದವರು ಬಾಯಿಗೆ ಕೈ ಅಡ್ಡ ಹಿಡಿಯದೆ ಮುಖದ ಮೇಲೇ ಸೀನಿದರೆ, ‘ಅಯ್ಯೋ, ನೆಗಡಿಯಾ?’ ಎಂದು ಕಿಟಕಿ ಮುಚ್ಚಿಕೊಡುತ್ತೇವೆ.